ಶನಿವಾರದ ಖಾಲಿ ಹಾಳೆ

“ಯಾರ್ರೀ ಅದು ಮೊಬೈಲ್ ಲೈಟ್ ಹಾಕಿದ್ದು? ಆರಿಸ್ರೀ ಮೊದ್ಲು!”

ಉಪೇಂದ್ರನ ಕೂಗಿಗೆ ಗುಮ್ಮಟದೊಳಗಿದ್ದ ನಲವತ್ತು ಜನ ಒಟ್ಟಿಗೆ ಬೆಚ್ಚಿಬಿದ್ದರು. ನಾನಂತೂ ದುರ್ಬೀನಿಗೆ ಹತ್ತುತ್ತಿದ್ದ ಕಬ್ಬಿಣದ ಏಣಿಯನ್ನು ಗಟ್ಟಿಯಾಗಿ ತಬ್ಬಿಕೊಂಡೆ. ನನಗೆ ಎತ್ತರವೆಂದರೆ ಭಯ, ಕತ್ತಲೆಯೆಂದರೆ ಅದಕ್ಕಿಂತ ಭಯ. ಎರಡನ್ನೂ ಸೇರಿಸಿ ಒಂದು ಗುಡ್ಡದ ಮೇಲಿಟ್ಟು, ಟಿಕೆಟ್ ಕೊಟ್ಟು ತೋರಿಸುತ್ತಾರಲ್ಲ, ಇವರಿಗೆ ಏನನ್ನಬೇಕು?

“ಸಾರಿ ಸಾರ್, ಫೋಟೋ ತೆಗೀತಿದ್ದೆ ಅಷ್ಟೆ,” ಅಂದಿತು ಕತ್ತಲಲ್ಲೊಂದು ಹೆಣ್ಣು ದನಿ. ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟೊಂದರಿಂದ ಬಸ್ಸು ಮಾಡಿಕೊಂಡು ಬಂದವರು ಅವರು.

“ಒಂದ್ಸಲ ಬಿಳಿ ಬೆಳಕು ಬಿತ್ತು ಅಂದ್ರೆ ಕಣ್ಣು ಮತ್ತೆ ಕತ್ತಲಿಗೆ ಹೊಂದ್ಕೊಳ್ಳೋಕೆ ಇಪ್ಪತ್ತು ನಿಮಿಷ ಬೇಕು ಮೇಡಂ. ಅಲ್ಲೀವರ್ಗೂ ನಿಮಗೆ ಗುರುನೂ ಕಾಣಲ್ಲ, ಎದುರಿಗಿರೋ ಗೋಡೆನೂ ಕಾಣಲ್ಲ. ಇಲ್ಲಿ ಕೆಂಪು ದೀಪ ಮಾತ್ರ. ಇದು ಚಿಕ್ಕಬೈರಪ್ಪ ಸಾರ್ ಮಾಡಿದ ರೂಲು.”

ಅವರನ್ನು ಹುಡುಕಿಕೊಂಡೇ ನಾನು ಇವತ್ತು ಈ ಗುಡ್ಡ ಹತ್ತಿದ್ದು. ಈ ದುರ್ಬೀನು ಮನೆಯನ್ನು ನಡೆಸುತ್ತಿದ್ದ ಚಿಕ್ಕಬೈರಪ್ಪನವರು ಶನಿವಾರ ಸಂಜೆ ಇದೇ ಕಿರುಬನಗುಡ್ಡ ಹತ್ತಿದವರು ರಾಜಗೋಪಾಲನಗರದ ಮನೆಗೆ ಹಿಂತಿರುಗಿಲ್ಲ. ಇವತ್ತು ಮಂಗಳವಾರ.

ನಾನು ಕೊನೆಯ ಮೆಟ್ಟಿಲು ಹತ್ತಿ ದುರ್ಬೀನಿಗೆ ಕಣ್ಣಿಟ್ಟೆ. ಗುರು ಗ್ರಹ ದುಂಡಗೆ, ಹೊಟ್ಟೆಯ ಮೇಲೆ ಎರಡು ಗೆರೆ ಎಳೆದುಕೊಂಡು ನಿಂತಿತ್ತು. ಪಕ್ಕದಲ್ಲಿ ನಾಲ್ಕು ಚುಕ್ಕೆ, ಒಂದೇ ಸಾಲಿನಲ್ಲಿ. ಬೇರೆ ದಿನವಾಗಿದ್ದರೆ ಅಬ್ಬಾ ಅನ್ನುತ್ತಿದ್ದೆ. ಇವತ್ತು ನನ್ನ ಕಿವಿಯೆಲ್ಲ ಉಪೇಂದ್ರನ ಮೇಲಿತ್ತು.

ಉಪೇಂದ್ರ ಈ ಸಂಘದ ಕಾರ್ಯದರ್ಶಿ. ನಲವತ್ತೈದರ ಆಸುಪಾಸು, ಮಾತು ನಯ. ಚಿಕ್ಕಬೈರಪ್ಪನವರು ಕಾಣೆಯಾದ ಮೂರೇ ದಿನಕ್ಕೆ ಅವರ ಕುರ್ಚಿಯಲ್ಲಿ ಕೂತು, ಅವರ ಮಫ್ಲರನ್ನೇ ಸುತ್ತಿಕೊಂಡು ಜನಕ್ಕೆ ನಕ್ಷತ್ರ ತೋರಿಸುತ್ತಿದ್ದ. ಚಳಿಯಂತೆ! ನನಗೆ ಅದನ್ನು ನೋಡಿ ಮೈಯೆಲ್ಲ ಉರಿಯಿತು.

“ಅವರು ಬರೀತಿದ್ದ ಪುಸ್ತಕ ತೋರಿಸ್ತೀರಾ?” ಅಂದೆ ಇಳಿದು ಬಂದು.

“ಅಯ್ಯೋ ಧಾರಾಳವಾಗಿ ಮೇಡಂ.” ಮೇಜಿನ ಮೇಲಿದ್ದ ದಪ್ಪ ಪುಸ್ತಕವನ್ನು ಕೆಂಪು ದೀಪದ ಕೆಳಗೆ ಬಿಚ್ಚಿದ. “ಭಾನುವಾರ ಪೊಲೀಸ್ನೋರೂ ನೋಡಿದ್ರು. ಶನಿವಾರದ ಹಾಳೆ ಖಾಲಿ.”

ಹಾಳೆಯ ಮೇಲ್ತುದಿಯಲ್ಲಿ ತಾರೀಕು, ಅದರ ಕೆಳಗೆ ‘ಆಕಾಶ ಶುಭ್ರ, ಗಾಳಿ ಕಡಿಮೆ’ ಎಂದು ಕಪ್ಪು ಶಾಯಿಯಲ್ಲಿ ಒಂದು ಸಾಲು. ಉಳಿದದ್ದು ಬರಿದು. ಸೀನಿದರೂ ಟೈಮು ಹಾಕಿ ಬರೆಯುವ ಮನುಷ್ಯ ಅವರು. ಹಿಂದೆ ಸರದಿಯವರು ತಳ್ಳುತ್ತಿದ್ದರು. ನಾನು ಹಾಳೆಯನ್ನು ಮುಟ್ಟಲೂ ಇಲ್ಲ, ದಾಟಿಕೊಂಡು ಹೊರಬಂದೆ. ಆಗ ಮುಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಆಮೇಲೆ ತಲೆ ಚಚ್ಚಿಕೊಂಡೆ.

*

ನೂರಾ ಎಂಬತ್ತು ಮೆಟ್ಟಿಲು ಇಳಿದು ಗೇಟಿಗೆ ಬರುವಷ್ಟರಲ್ಲಿ ನನ್ನ ಎರಡೂ ಮಂಡಿ ಶಾಪ ಹಾಕುತ್ತಿದ್ದವು. ಕಾವಲುಗಾರನ ಕೋಣೆಯಲ್ಲಿ ಅಂಜನಮ್ಮ ಕೂತಿದ್ದರು. ಚಿಕ್ಕಬೈರಪ್ಪನವರ ಹೆಂಡತಿ. ಮಡಿಲಲ್ಲಿ ಸ್ಟೀಲಿನ ಊಟದ ಡಬ್ಬಿ.

“ಸಿಕ್ಕಿದ್ರಾ ವನಜಕ್ಕ?”

“ಇನ್ನೂ ಇಲ್ಲ ಕಣಮ್ಮ.”

“ಸಿಗ್ತಾರೆ ಬಿಡಿ. ಮೂರು ದಿನದಿಂದ ಏನ್ ತಿಂದವ್ರೋ ಏನೋ. ಅವರೆಕಾಳು ಸಾರು, ಮುದ್ದೆ ತಂದಿವ್ನಿ. ತಣ್ಣಗಾದ್ರೆ ಬೈತಾರೆ.” ಡಬ್ಬಿಯ ಮೇಲೆ ಸೆರಗು ಹೊದಿಸಿಕೊಂಡು ಕೂತರು. ಆಕೆಯ ಮುಖ ನೋಡಲಾಗದೆ ನಾನು ಗೋಡೆಯ ಕಡೆ ತಿರುಗಿದೆ.

ಗೋಡೆಯ ಮೇಲೆ ಟೋಕನ್ ಹಲಗೆ. ಅರವತ್ತು ಮೊಳೆ, ಅರವತ್ತು ಹಿತ್ತಾಳೆ ಬಿಲ್ಲೆ. ಈ ದುರ್ಬೀನು ಮನೆ ಕಟ್ಟಿದವರೆಲ್ಲ ನಮ್ಮ ಸರ್ಕಾರಿ ಕಾರ್ಖಾನೆಯ ನಿವೃತ್ತರು. ಕಾರ್ಖಾನೆಯ ಪದ್ಧತಿಯನ್ನೇ ಇಲ್ಲಿಗೂ ತಂದಿದ್ದರು. ಗುಡ್ಡ ಹತ್ತುವವರು ಒಂದು ಬಿಲ್ಲೆ ತೆಗೆದುಕೊಂಡು ಹೋಗಬೇಕು, ಇಳಿದ ಮೇಲೆ ಅದೇ ಮೊಳೆಗೆ ಹಾಕಬೇಕು. ಅರವತ್ತೂ ಬಂದ ಮೇಲೆಯೇ ಗೇಟಿಗೆ ಬೀಗ. ಮೇಲೆ ಯಾರೂ ಉಳಿಯಬಾರದಲ್ಲ.

ಶನಿವಾರ ರಾತ್ರಿ ಅರವತ್ತೂ ಇದ್ದವು. ಚಿಕ್ಕಬೈರಪ್ಪನವರ ಒಂದನೇ ನಂಬರೂ ಇತ್ತು. ‘ಗುಡ್ಡ ಇಳಿದು ಹೋಗಿದ್ದಾರೆ, ಇನ್ನೆಲ್ಲೋ ಹುಡುಕಬೇಕು’ ಎಂದು ಪೊಲೀಸರು ಕೈತೊಳೆದುಕೊಂಡಿದ್ದು ಅದನ್ನೇ ನೋಡಿ. ಭಾನುವಾರ ಅರ್ಧ ಗಂಟೆ ಗುಡ್ಡ ಸುತ್ತಿ ಹೋಗಿದ್ದರು.

ಬ್ರೂಕ್‌ಫೀಲ್ಡಿನವರು ಒಬ್ಬೊಬ್ಬರೇ ಇಳಿದು ಬಂದು ಬಿಲ್ಲೆ ಹಾಕುತ್ತಿದ್ದರು. ಒಬ್ಬರದು ಸೊಟ್ಟ, ಒಬ್ಬರದು ನೆಟ್ಟಗೆ. ನಾನು ಸುಮ್ಮನೆ ನೋಡುತ್ತಾ ನಿಂತಿದ್ದೆ. ಒಂದನೇ ನಂಬರಿನ ಮೇಲೆ ಕಣ್ಣು ಬಿದ್ದು ಅಲ್ಲೇ ನಿಂತುಹೋಯಿತು.

ನಂಬರು ನನ್ನನ್ನೇ ನೋಡುತ್ತಿತ್ತು.

ಬಸ್ಸು ಹೊರಡಲು ನಿಂತಿತ್ತು. ಉಪೇಂದ್ರ ಕೊನೆಯಲ್ಲಿ ಬಂದ. “ಮೇಡಂ, ಬಸ್ಸಿಗೆ ತಿರುವಿನವರ್ಗೂ ದಾರಿ ತೋರಿಸ್ಬೇಕು. ಅರ್ಧ ಗಂಟೇಲಿ ಬರ್ತೀನಿ, ನಿಮ್ಮಿಬ್ರನ್ನೂ ಮನೆಗೆ ಬಿಡ್ತೀನಿ.”

“ಗುಮ್ಮಟದ ಕೀ ಕೊಟ್ಟು ಹೋಗಿ. ಇನ್ನೊಂದ್ಸಲ ನೋಡ್ಬೇಕು.”

ಆತ ಒಂದು ಗಳಿಗೆ ತಡೆದ. ಆಮೇಲೆ ಕೊಟ್ಟ. ಆ ಒಂದು ಗಳಿಗೆಯನ್ನು ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಅವನ ಕಾರು ತಿರುವು ದಾಟಿದ ಮೇಲೆಯೇ ಉಸಿರು ಬಿಟ್ಟೆ.

*

“ಸಿದ್ದರಾಜು, ಬಾಪ್ಪ ಇಲ್ಲಿ.”

ಕಾವಲುಗಾರ ಸಿದ್ದರಾಜು ಬಂದ. ಇಲ್ಲೇ ಗುಡ್ಡದ ಬುಡದ ಹಳ್ಳಿಯವನು. ಐವತ್ತರ ಮೇಲಿನ ವಯಸ್ಸು, ತಗ್ಗಿದ ದನಿ.

“ಒಂದನೇ ನಂಬರ್ ಟೋಕನ್ ಮೊಳೆಗೆ ಹಾಕಿದ್ದು ಯಾರು?”

“ಬೈರಪ್ಪ ಸಾರೇ ಆಕಿರ್ಬೇಕು, ಮೇಡಂ.”

“ನೀನು ನೋಡಿದ್ಯಾ?”

“ನೋಡ್ಲಿಲ್ಲ. ಆದ್ರೆ ಇತ್ತಲ್ಲ.”

“ಶನಿವಾರದಿಂದ ಅದನ್ನ ಯಾರೂ ಮುಟ್ಟಿಲ್ಲ ತಾನೇ?”

“ಇಲ್ಲ. ಪೊಲೀಸ್ನೋರು ಮುಟ್ಬೇಡ ಅಂದವ್ರೆ.”

“ಹಾಗಾದ್ರೆ ಕೇಳು. ನಮ್ಮ ಕಾರ್ಖಾನೇಲಿ ಮನೆಗೆ ಹೋಗೋವಾಗ ಟೋಕನ್ನಿನ ಮುಖ ಗೋಡೆ ಕಡೆ ಮಾಡಿ ಹಾಕ್ತಿದ್ವಿ. ಯಾರು ಹೊರಗೆ, ಯಾರು ಒಳಗೆ ಅಂತ ದೂರದಿಂದ್ಲೇ ಗೊತ್ತಾಗ್ಲಿ ಅಂತ. ಚಿಕ್ಕಬೈರಪ್ಪನೋರು ಮೂವತ್ತೆರಡು ವರ್ಷ ಹಾಗೇ ಹಾಕಿದ್ರು. ಇಲ್ಲೂ ಹಾಗೇ ಹಾಕ್ತಿದ್ರು, ನಾನೇ ಎಷ್ಟು ಸಲ ನೋಡಿ ನಕ್ಕಿದ್ದೀನಿ. ಇದರ ನಂಬರು ಯಾಕಪ್ಪಾ ಈ ಕಡೆ ತಿರುಗಿದೆ?”

ಸಿದ್ದರಾಜು ಹಲಗೆಯನ್ನು ನೋಡಿದ, ನನ್ನನ್ನು ನೋಡಿದ.

“ಸುಳ್ಳು ಹೇಳಿದ್ರೆ ಇಲ್ಲಿಂದ ಸೀದಾ ಸ್ಟೇಷನ್ನಿಗೆ. ಯಾರು ಹಾಕಿದ್ದು?”

“ನಾನೇ ಆಕ್ದೆ ಮೇಡಂ!” ಅವನು ಕುಸಿದು ಕೂತೇಬಿಟ್ಟ. “ತಪ್ಪಾಯ್ತು. ಸಾರು ಟೋಕನ್ ಮೇಲಕ್ಕೆ ತಗಂಡೇ ಓಗ್ತಿರ್ಲಿಲ್ಲ, ನನ್ ಮೇಜಿನ್ ಮ್ಯಾಲೇ ಇಕ್ತಿದ್ರು. ಅವತ್ತು ಜನ ಎಲ್ಲ ಓದ್ರು. ಸಾರ್ ಬರ್ಲಿಲ್ಲ. ಕೂಗ್ದೆ, ಓ ಅನ್ಲಿಲ್ಲ. ಇಂದ್ಗಡೆ ಕಾಲುದಾರೀಲಿ ಇಳ್ದಿರ್ಬೇಕು ಅಂದ್ಕಂಡೆ. ಒಂದು ಕಮ್ಮಿ ಇದ್ರೆ ನಾನೇ ಅಷ್ಟೂ ಮೆಟ್ಲು ಅತ್ತಿ ನೋಡ್ಬೇಕಲ್ಲ. ಸೋಮಾರಿತನ ಮೇಡಂ. ಮೊಳೆಗೆ ಆಕಿ ಬೀಗ ಜಡ್ದು ಮನೆಗೋಗ್ಬಿಟ್ಟೆ.”

ನನಗೆ ರೋಷ ತಡೆಯಲಾಗಲಿಲ್ಲ. “ಥೂ! ಬೇರೆಯವರ ಟೋಕನ್ ಹಾಕಿದೋನನ್ನ ನಮ್ಮಲ್ಲಿ ಅದೇ ದಿನ ಮನೆಗೆ ಕಳಿಸ್ತಿದ್ರು. ಅವರನ್ನ ಗುಡ್ಡದ ಮೇಲೆ ಬಿಟ್ಟು ಬೀಗ ಹಾಕಿದ್ಯಲ್ಲೋ! ಮೂರು ದಿನ ಬಾಯಿ ಮುಚ್ಕೊಂಡು ಹೇಗಿದ್ದೆ?”

“ಕೆಲ್ಸ ಓಗ್ತದೆ ಅಂತ ಎದ್ರಿಕೆ ಆಯ್ತು ಮೇಡಂ.”

ಅಂಜನಮ್ಮ ಎದ್ದು ನಿಂತಿದ್ದರು. “ನಿನ್ ಕೈಗೆ ಎಷ್ಟ್ ಸಲ ಕಾಫಿ ಕೊಟ್ಟಿವ್ನೋ ಸಿದ್ದರಾಜು,” ಅಂದರು. ಅಷ್ಟೇ ಅಂದಿದ್ದು. ಅವನು ಗೊಳೋ ಎಂದು ಅತ್ತು ಆಕೆಯ ಕಾಲು ಹಿಡಿದ. ಬಗ್ಗಿದಾಗ ಅವನ ಪ್ಯಾಂಟಿನ ಅಂಚು ಒದ್ದೆಯಾಗಿದ್ದು, ರಬ್ಬರ್ ಚಪ್ಪಲಿಗೆ ಹಸಿರು ಪಾಚಿ ಮೆತ್ತಿದ್ದು ಬಲ್ಬಿನ ಬೆಳಕಲ್ಲಿ ಕಂಡಿತು. ಎಲ್ಲೋ ಕಾಲು ತೊಳೆದು ಬಂದಿರಬೇಕು ಅಂದುಕೊಂಡೆ.

ನನ್ನ ತಲೆ ಬೇರೆ ಕಡೆ ಓಡುತ್ತಿತ್ತು. ಚಿಕ್ಕಬೈರಪ್ಪನವರು ಗುಡ್ಡ ಇಳಿದೇ ಇಲ್ಲ. ಪೆಟ್ಟಾಗಿ ಮೇಲೆಲ್ಲೋ ಉಳಿದಿದ್ದರೆ ಚಳಿಗೆ ಗುಮ್ಮಟಕ್ಕೇ ಬಂದಿರಬೇಕು, ಅವರ ಹತ್ತಿರ ಒಂದು ಕೀ ಇದ್ದೇ ಇತ್ತು. ಬಂದಿದ್ದರೆ ಬರೆಯದೆ ಇರುವ ಜೀವ ಅದಲ್ಲ. ಆ ಪುಸ್ತಕವನ್ನು ಉಪೇಂದ್ರ ಬರುವ ಮುಂಚೆ ನಾನೊಬ್ಬಳೇ ನೋಡಬೇಕು.

“ಸಿದ್ದರಾಜು, ನಾನು ಮೇಲೆ ಹೋಗ್ತೀನಿ. ಇವರನ್ನ ನೋಡ್ಕೊಂಡಿರು. ಉಪೇಂದ್ರ ಬಂದ್ರೆ ಮೇಲಕ್ಕೆ ಬಿಡ್ಬೇಡ.”

“ಆಗ್ಲಿ ಮೇಡಂ. ನಾನಿರ್ತೀನಿ, ನೀವು ದೈರ್ಯವಾಗಿ ಓಗಿ.” ತನ್ನ ಕೆಂಪು ಟಾರ್ಚನ್ನು ನನ್ನ ಕೈಗಿಟ್ಟ. ನಾನು ಎರಡನೇ ನಂಬರಿನ ಬಿಲ್ಲೆ ತೆಗೆದುಕೊಂಡು ಹೊರಟೆ.

*

ಎಂಟು ಗಂಟೆಯೂ ಆಗಿರಲಿಲ್ಲ. ಕೆಳಗೆ ಪೀಣ್ಯದ ಶೆಡ್ಡುಗಳ ದೀಪ, ತುಮಕೂರು ರಸ್ತೆಯಲ್ಲಿ ಇರುವೆ ಸಾಲಿನಂತೆ ವಾಹನ. ಅಷ್ಟು ಜನ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ ಇಲ್ಲಿ ನಾನು ಕೂಗಿದರೆ ಕೇಳಲು ಒಬ್ಬರಿಲ್ಲ. ನೂರನೇ ಮೆಟ್ಟಿಲಲ್ಲಿ ನಿಂತುಬಿಟ್ಟೆ. ಮಂಡಿನೋವು ಅಂತ ನನಗೆ ನಾನೇ ಸುಳ್ಳು ಹೇಳಿಕೊಂಡೆ.

ಗುಮ್ಮಟದ ಬಾಗಿಲು ತೆಗೆದಾಗ ತಗಡು ಎಲ್ಲೋ ಟಕ್ ಎಂದಿತು. ಚಳಿಗೆ ತಗಡು ಕುಗ್ಗುವಾಗ ಹಾಗೆ ಸದ್ದಾಗುತ್ತದೆ ಅಂತ ಗೊತ್ತು. ಗೊತ್ತಿದ್ದೂ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ. ಮೇಲೆ ನೋಡಿದರೆ ದುರ್ಬೀನು ಆಕಾಶ ನೋಡುವ ಛಾವಣಿಯ ಸೀಳು ಹಾಗೇ ತೆರೆದಿತ್ತು, ಉಪೇಂದ್ರ ಮುಚ್ಚಿರಲಿಲ್ಲ. ಫೋನು ತೆಗೆದೆ, ತಗಡಿನೊಳಗೆ ಟವರ್ ಇಲ್ಲ.

ಕೆಂಪು ದೀಪ ಹಾಕಿ ಪುಸ್ತಕ ಬಿಚ್ಚಿದೆ. ಶನಿವಾರ. ಖಾಲಿ.

ಮೂವತ್ತು ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಸವೆದ ಬೆರಳು ನನ್ನದು. ಕಣ್ಣು ಒಪ್ಪಿದ್ದನ್ನೂ ಒಮ್ಮೆ ಸವರಿ ನೋಡುವುದು ಅಭ್ಯಾಸ. ಹಾಳೆಯ ಮೇಲೆ ಬೆರಳಾಡಿಸಿದೆ.

ಹಾಳೆ ಒರಟಾಗಿತ್ತು. ಸಾಲು ಸಾಲಾಗಿ, ಪೆನ್ನು ಒತ್ತಿದ ಗುಂಡಿ.

ಇದನ್ನು ನಾನು ಬಲ್ಲೆ! ಕೆಲಸಕ್ಕೆ ಸೇರಿದ ಮೊದಲ ವಾರ ನನ್ನನ್ನು ಎಕ್ಸ್‌ರೇ ಕೋಣೆಗೆ ಹಾಕಿದ್ದರು. ಎರಕದ ಕಬ್ಬಿಣದ ಒಳಗೆ ಬಿರುಕಿದೆಯೇ ಎಂದು ಫಿಲ್ಮ್ ತೊಳೆದು ನೋಡುವ ಕತ್ತಲೆ ಕೋಣೆ, ಅಲ್ಲಿಯೂ ಕೆಂಪು ದೀಪ. ನಾನು ಬಿರುಕಿದ್ದ ಹನ್ನೊಂದು ರಿಜೆಕ್ಟನ್ನು ಕೆಂಪು ಪೆನ್ಸಿಲಿನಲ್ಲಿ ಬರೆದೆ. ತಿರುಗಿ ನೋಡಿದರೆ ಹಾಳೆಯಲ್ಲಿ ಒಂದಕ್ಷರ ಇಲ್ಲ! ಅಳುತ್ತಾ ಕೂತಿದ್ದೆ. ಮೇಲಿನವರಾಗಿದ್ದ ಚಿಕ್ಕಬೈರಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. “ಕೆಂಪು ದೀಪಕ್ಕೆ ಕೆಂಪು ಬರಹ ಕಾಣಲ್ಲ ಕಣಮ್ಮ ವನಜಾ. ಹೊರಗೆ ತಗೊಂಡು ಹೋಗಿ ನೋಡು.” ರಿಟೈರ್ ಆಗುವವರೆಗೂ ಆ ಮಾತು ಹೇಳಿ ರೇಗಿಸುತ್ತಿದ್ದರು.

ಅವರ ಜೇಬಿನಲ್ಲಿ ಕೆಂಪು ಪೆನ್ನು ಇಲ್ಲದ ದಿನವೇ ಇರಲಿಲ್ಲ.

ನಾನು ಫೋನಿನ ಬಿಳಿ ದೀಪ ಹಾಕಿದೆ.

ಹಾಳೆಯ ತುಂಬ ಅಕ್ಷರ ಎದ್ದು ಬಂತು. ಕೈ ನಡುಗಿದ ಬರಹ, ಆದರೆ ಅವರದೇ.

‘ಸೋಮವಾರ ಸಂಜೆ 5.’

ಸೋಮವಾರ! ಅಂದರೆ ನಿನ್ನೆ. ಪೊಲೀಸರು ನೋಡಿದಾಗ ಹಾಳೆ ನಿಜಕ್ಕೂ ಖಾಲಿಯೇ ಇತ್ತು. ನಿನ್ನೆ ಸಂಜೆ ಅವರು ಬದುಕಿದ್ದರು! ನನ್ನ ಕಣ್ಣಲ್ಲಿ ನೀರು ಬಂದು ಅಕ್ಷರ ಕಲಸಿಹೋಯಿತು. ಒರೆಸಿಕೊಂಡು ಓದಿದೆ.

‘ಶನಿವಾರ 8.10. ಜನ ಹೋದ ಮೇಲೆ ಹೊರಗಿನ ಕಟ್ಟೆಯ ಚಿಕ್ಕ ದುರ್ಬೀನನ್ನು ಹಿಂಬದಿಯ ಕಲ್ಲು ಕ್ವಾರಿಯ ಕಡೆ ತಿರುಗಿಸಿದೆ. ಟ್ಯಾಂಕರ್ ಬಂದು ಕ್ವಾರಿ ಹೊಂಡಕ್ಕೆ ಕಾರ್ಖಾನೆಗಳ ಆಸಿಡ್ ನೀರು ಸುರಿಯುತ್ತಿತ್ತು. ಬೇಲಿಯ ಬೀಗ ತೆಗೆದವನು ದುರ್ಬೀನಿನಲ್ಲಿ ತಲೆಕೆಳಗಾಗಿ ಕಂಡರೂ ಗುರುತು ಹತ್ತಿತು. ನಮ್ಮ ಸಿದ್ದರಾಜು. ಕೇಳಲು ಇಳಿದೆ. ತಳ್ಳಿಬಿಟ್ಟ. ಬಲಗಾಲು ಮುರಿದಿದೆ. ಫೋನು ಹೊಂಡಕ್ಕೆ ಬಿತ್ತು. ಸತ್ತೆನೆಂದು ತಿಳಿದು ಹೋದ. ಎರಡು ದಿನ ತೆವಳಿ ಇಲ್ಲಿಗೆ ಬಂದೆ. ಗೇಟಿನಲ್ಲಿ ಅವನೇ ಇರುತ್ತಾನೆ, ಇಳಿಯುವಂತಿಲ್ಲ.

ವನಜಾ, ಅಂಜನಾ ನಿನ್ನ ಹತ್ತಿರವೇ ಬರುತ್ತಾಳೆ, ಇದನ್ನು ಓದುವವಳು ನೀನೇ. ದಿನಾ ಸಂಜೆ ಅವನು ಒಳಗೆ ಬಂದು ನೋಡುತ್ತಾನೆ, ಕೆಂಪು ಟಾರ್ಚಿನಲ್ಲಿ. ಅದಕ್ಕೇ ಕೆಂಪಿನಲ್ಲಿ ಬರೆದೆ. ಸೀಳು, ಬಾಗಿಲು ಎರಡನ್ನೂ ಮುಚ್ಚದೆ ಬಿಳಿ ದೀಪ ಹಾಕಬೇಡ. ಗೇಟಿನವರೆಗೂ ಕಾಣುತ್ತದೆ.

ಇಲ್ಲಿ ನೀರು ಮುಗಿದಿದೆ. ಬಂಡೆಯ ಹಿಂದಿನ ಮಳೆನೀರಿನ ತೊಟ್ಟಿಗೆ ಹೋಗುತ್ತಿದ್ದೇನೆ. ಈ ಮಾತು ಯಾರಿಗೂ ಹೇಳಬೇಡ.’

ನಾನು ತಲೆಯೆತ್ತಿದೆ. ಸೀಳು ತೆರೆದಿತ್ತು. ಬಾಗಿಲೂ ತೆರೆದಿತ್ತು. ನನ್ನ ಕೈಯಲ್ಲಿನ ದೀಪ ಛಾವಣಿಗೆ ಬಡಿದು ಗುಮ್ಮಟವೆಲ್ಲ ಬೆಳ್ಳಗೆ ಉರಿಯುತ್ತಿತ್ತು.

ಆರಿಸಿದೆ. ಕೆಂಪು ದೀಪವನ್ನೂ ಆರಿಸಿದೆ.

ಏನೂ ಕಾಣಲಿಲ್ಲ. ಮೇಜು ಇಲ್ಲ, ಬಾಗಿಲು ಇಲ್ಲ, ನನ್ನ ಕೈ ನನಗೇ ಇಲ್ಲ. ಇಪ್ಪತ್ತು ನಿಮಿಷ ಎಂದಿದ್ದ ಉಪೇಂದ್ರ. ಪಾಪ, ಅವನ ಮೇಲೆ ಅನುಮಾನಪಟ್ಟು ಮೇಲಕ್ಕೆ ಬಿಡಬೇಡ ಎಂದಿದ್ದು ನಾನು. ಅಂಜನಮ್ಮನನ್ನು ನೋಡಿಕೋ ಎಂದು ಸಿದ್ದರಾಜುವಿನ ಕೈಗೆ ಒಪ್ಪಿಸಿ ಬಂದಿದ್ದೂ ನಾನೇ. ಅಯ್ಯೋ ನನ್ನ ಬುದ್ಧಿಗಿಷ್ಟು!

ಪುಸ್ತಕವನ್ನು ಎದೆಗವಚಿಕೊಂಡು ಗೋಡೆ ತಡವುತ್ತಾ ಬಾಗಿಲ ಕಡೆ ಹೆಜ್ಜೆಯಿಟ್ಟೆ. ದೂರದಲ್ಲಿ, ಕೆಳಗೆ, ಕಬ್ಬಿಣದ ಗೇಟು ಎಳೆದ ಸದ್ದು. ಸರಪಳಿ. ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿ. ಎರಡು ಜೊತೆ.

ಓಡಬೇಕೆನಿಸಿತು. ಎತ್ತ ಓಡಲಿ? ಹೊರಗೆ ಕಟ್ಟೆ ಮುಗಿದರೆ ಬಂಡೆ, ಬಂಡೆ ಮುಗಿದರೆ ಕ್ವಾರಿ. ಕಣ್ಣಿಗೆ ಒಂದೂ ಕಾಣುತ್ತಿಲ್ಲ. ಕೈಗೆ ಸಿಕ್ಕ ಏಣಿಯನ್ನು ಹಿಡಿದು ಅಲ್ಲೇ ಕೂತೆ.

“ವನಜಕ್ಕಾ! ಓ ವನಜಕ್ಕಾ!”

ಅಂಜನಮ್ಮನ ದನಿ. ಏದುಸಿರು ಬಿಡುತ್ತಿದ್ದರು. ಆದರೂ ಆ ದನಿಯಲ್ಲಿ ಸಂತೋಷವಿತ್ತು.

“ಸಿಕ್ಕಿದ್ರಂತೆ ಕಣಕ್ಕಾ! ಬದುಕವ್ರಂತೆ! ನಾನೇ ತೋರುಸ್ತೀನಿ ಬಾ ಅಮ್ಮ ಅಂತ ಸಿದ್ದರಾಜು ಕರ್ಕೊಂಡ್ ಬಂದ. ಬಂಡೆ ಇಂದೆ ನೀರಿನ್ ತೊಟ್ಟಿ ಅಂತೆ, ಅಲ್ಲವ್ರಂತೆ!”

ತೊಟ್ಟಿ. ಮಳೆ ಹೋಗಿ ಎರಡು ತಿಂಗಳಾದ ಈ ಒಣಗಿದ ಗುಡ್ಡದಲ್ಲಿ ಪಾಚಿ ಕಟ್ಟಿರುವ ಜಾಗ ಅದೊಂದೇ. ಗೇಟಿನಲ್ಲಿ ಆ ಚಪ್ಪಲಿ ನೋಡಿಯೂ ಕಾಲು ತೊಳೆದಿದ್ದಾನೆ ಅಂದುಕೊಂಡೆನಲ್ಲ!

ಬಾಗಿಲಲ್ಲಿ ಬೆಳಕು ಬಿತ್ತು. ದೊಡ್ಡ ಟಾರ್ಚು, ಬಿಳಿಯದು. ಅದರ ಮುಂದೆ ಅಂಜನಮ್ಮ, ಎರಡೂ ಕೈಯಲ್ಲಿ ಊಟದ ಡಬ್ಬಿ. ಹಿಂದಿದ್ದವನ ಮುಖ ಕಾಣಲಿಲ್ಲ. ಅವನ ಇನ್ನೊಂದು ಕೈ ಅಂಜನಮ್ಮನ ಹೆಗಲ ಮೇಲಿತ್ತು.

“ಯಾಕ್ ಮೇಡಂ ದೀಪ ಆರ್ಸ್‌ಬಿಟ್ರಿ?” ಸಿದ್ದರಾಜುವಿನ ದನಿ ಈಗ ತಗ್ಗಿರಲಿಲ್ಲ. “ಆ ಪುಸ್ತಕ ಇಂಗೆ ಕೊಡಿ. ಆಮ್ಯಾಕೆ ಮೂರೂ ಜನ ಒಟ್ಗೇ ತೊಟ್ಟಿತಾವ್ಕೆ ಓಗಣ. ಸಾರ್ ಕಾಯ್ತಾವ್ರೆ.”